ರಜೆಗೆ ಅಜ್ಜಿ ಮನೆಗೆ ಬಂದ ಅಕ್ಕ-ತಮ್ಮನ್ನ ತೋಟಕ್ಕೆ, ಹಳ್ಳಕ್ಕೆ ಬಿಡೋದು ಹೇಗೆ

ನಮ್ಮ ಕಾಲದಲ್ಲಿ ಏಪ್ರಿಲ್ 10ಕ್ಕೆ ಶಾಲೇಲಿ ಪಾಸು-ಫೇಲು ಓದಿ ಹೇಳ್ತಿದ್ರು. ಅದು ಕೇಳ್ಕೊಂಡು ಮನೆಗೆ ಬಂದು ಉಂಡು ಕೈ ತೊಳೆಯೋದೊಂದು ಬಾಕಿ, ನಾನು ನನ್ನ ತಮ್ಮ ಸೀದಾ ಅಡಿಕೆ ತೋಟಕ್ಕೆ, ಆಮೇಲೆ ಮೇ ಕೊನೆವರೆಗೂ ನಮ್ಮನ್ನ ಮನೆಯೊಳಗೆ ನೋಡ್ಬೇಕು ಅಂದ್ರೆ ಕತ್ತಲಾಗ್ಬೇಕಿತ್ತು. ತೀರ್ಥಹಳ್ಳಿ ಕಡೆ ಹಳ್ಳಿ ನಮ್ದು. ಈಗ ನನ್ನ ಮಗಳು ಮಗ, ತಮ್ಮನ ಇಬ್ರು ಮಕ್ಕಳು ಎಲ್ಲಾ ಬೆಂಗಳೂರಿಂದ ಅದೇ ಮನೆಗೆ ರಜೆಗೆ ಬರ್ತಾರೆ. ಮೊದಲ ವರ್ಷ ಬಂದಾಗ 4 ದಿನ ಜಗಲಿ ಮೇಲೆ ಮೊಬೈಲ್ ಹಿಡ್ಕೊಂಡು ಕೂತಿದ್ವು, "ಹೊರಗೆ ಹೋಗಿ ಆಡ್ರೋ" ಅಂದ್ರೆ ಅಂಗಳದ ತುದಿವರೆಗೆ ಹೋಗಿ "ಎಂತ ಆಡೋದು ಅತ್ತೆ?" ಅಂತ ವಾಪಸ್ ಬರ್ತಿದ್ವು. ನಂಗೆ ಬೇಜಾರಾಯ್ತು, ಆದ್ರೆ ಯೋಚನೆ ಮಾಡಿದ್ಮೇಲೆ ಅನ್ನಿಸ್ತು, ನಮಗೂ ಇದೆಲ್ಲ ಹುಟ್ಟುತ್ತಲೇ ಬಂದಿದ್ದಲ್ಲ, ದೊಡ್ಡಪ್ಪನ ಮಕ್ಕಳು ಹೇಳ್ಕೊಟ್ಟಿದ್ರು, ಈ ಮಕ್ಕಳಿಗೆ ಯಾರೂ ಹೇಳ್ಕೊಟ್ಟಿಲ್ಲ ಅಷ್ಟೇ. ಅವತ್ತಿಂದ ಪ್ರತಿ ರಜೆಲೂ ನಾನೇ ಕೂತು ಒಂದೊಂದೇ ಹೇಳ್ಕೊಡ್ತಾ ಬಂದಿದೀನಿ. ಹೇಗೆ ಅಂತ ಇಲ್ಲಿ ಬರೀತೀನಿ, ನಿಮ್ಮನೆ ಮಕ್ಕಳಿಗೂ ಆಗ್ಬಹುದು.

ನಾನು ಹಿಡ್ಕೊಂಡಿರೋ ಲೆಕ್ಕ ಒಂದೇ. ಒಬ್ರೇ ಮಾಡಕ್ಕಾಗದ ಕೆಲಸಾನೇ ಕೊಡಬೇಕು. ಒಬ್ಬಳು ಎಳೀಬೇಕು ಒಬ್ಬ ಕೂರ್ಬೇಕು, ಒಬ್ಬ ಮರ ಹತ್ತಬೇಕು ಒಬ್ಬಳು ಕೆಳಗೆ ಗೋಣಿಚೀಲ ಹಿಡೀಬೇಕು, ಒಬ್ಬಳು ತೆಪ್ಪದ ಮೇಲೆ ಇದ್ರೆ ಇನ್ನೊಬ್ಬ ದಡದಲ್ಲಿ ಹಗ್ಗ ಹಿಡ್ಕೊಂಡಿರ್ಬೇಕು. ಹಾಗಿದ್ರೆ ಜಗಳ ಆಡಿದ್ರೂ ಅರ್ಧ ಗಂಟೆಲಿ ತಾವಾಗೇ ರಾಜಿ ಆಗ್ತಾರೆ, ಯಾಕಂದ್ರೆ ಇನ್ನೊಬ್ರು ಇಲ್ದೆ ಆಟಾನೇ ನಡಿಯಲ್ಲ. ಏನಾದ್ರೂ ಪೆಟ್ಟಾದ್ರೆ ಮನೆಗೆ ಓಡಿ ಬಂದು ಹೇಳೋಕೂ ಒಬ್ರು ಇರ್ತಾರೆ.

ಹೊರಡೋ ಮುಂಚೆ

ಹೊತ್ತು ಗೊತ್ತು ಮಾಡ್ಕೊಳ್ಳಿ. ಬೆಳಿಗ್ಗೆ ತಿಂಡಿ ತಿಂದು 7 ಗಂಟೆಗೆ ಹೊರಟ್ರೆ 11 ಗಂಟೆವರೆಗೆ ಚೆನ್ನಾಗಿರತ್ತೆ. ಮಧ್ಯಾಹ್ನ ಬಿಸಿಲು, ಅದಾದ್ಮೇಲೆ ಗುಡುಗು. ಏಪ್ರಿಲ್ ನಡುವಲ್ಲಿ ಅಶ್ವಿನಿ, ಕೊನೇಲಿ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕೆ, ಈ ಮಳೆಗಳು ಬರೋದು ಹೆಚ್ಚಾಗಿ ಮಧ್ಯಾಹ್ನ ಕಳೆದ್ಮೇಲೆ, ಸಿಡಿಲಿನ ಜೊತೆಗೆ. ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತ ಅಜ್ಜಿ ಖುಷಿಪಡ್ತಿದ್ರು, ಆದ್ರೆ ಗುಡುಗಿನ ಶಬ್ದ ಕಿವಿಗೆ ಬಿದ್ದ ತಕ್ಷಣ ನಮ್ಮನ್ನ ಕೂಗಿ ಕೂಗಿ ಒಳಗೆ ಕರೀತಿದ್ರು. ಮಕ್ಕಳಿಗೆ ಇದನ್ನ ಬಾಯಿಪಾಠ ಮಾಡ್ಸಿ: ಗುಡುಗು ಕೇಳ್ತು ಅಂದ್ರೆ ಆಟ ಬಿಟ್ಟು ಮನೆಗೆ ಓಡೋದು, ಮರದ ಬುಡದಲ್ಲಿ ನಿಲ್ಲಬಾರ್ದು, ನೀರಲ್ಲಿದ್ರೆ ಮೇಲೆ ಬರೋದು, ಕೊನೇ ಗುಡುಗು ಕೇಳಿ 30 ನಿಮಿಷ ಆಗೋವರೆಗೂ ಮತ್ತೆ ಹೊರಗೆ ಹೋಗೋ ಹಾಗಿಲ್ಲ.

ಗಡಿ ತೋರ್ಸಿ. ಬಾಯಲ್ಲಿ ಹೇಳಿದ್ರೆ ಸಾಲಲ್ಲ, ಮೊದಲ ದಿನ ಕೈ ಹಿಡ್ಕೊಂಡು ಒಂದು ಸುತ್ತು ಹಾಕ್ಸಿ: ಈ ಕಡೆ ಬೇಲಿ, ಆ ಕಡೆ ಹಳ್ಳದ ಸಂಕ (ಕಾಲುಸೇತುವೆ), ಮೇಲೆ ಸೊಪ್ಪಿನ ಬೆಟ್ಟದ ದಣಪೆ (ಬೇಲಿಯ ಗೇಟು), ಇದು ದಾಟ್ಬಾರ್ದು. ತೆರೆದ ಬಾವಿ, ಪಾಳುಬಿದ್ದ ಕೆರೆ ಎಲ್ಲಿದೆ ಅಂತ ಕಣ್ಣಾರೆ ನೋಡ್ಲಿ. ಇನ್ನೊಂದು, ಇಬ್ರೂ ಒಟ್ಟಿಗೆ ಹೋಗಿ ಒಟ್ಟಿಗೆ ಬರ್ಬೇಕು. ಒಬ್ರೇ ವಾಪಸ್ ಬಂದ್ರೆ ಮರುದಿನ ಇಬ್ರಿಗೂ ಹೊರಗೆ ಹೋಗೋದು ಬಂದ್. ನಮ್ಮಮ್ಮ ಇದನ್ನ ಎಷ್ಟು ಗಟ್ಟಿಯಾಗಿ ಹಿಡಿದಿದ್ರು ಅಂದ್ರೆ ತಮ್ಮನ ಕಾಲಿಗೆ ಮುಳ್ಳು ಚುಚ್ಚಿ ನಡಿಯಕ್ಕಾಗ್ದೇ ಇದ್ದಾಗ ನಾನು ಅವನನ್ನ ಬೆನ್ನ ಮೇಲೆ ಹೊತ್ಕೊಂಡು ಗದ್ದೆ ಏರಿ ಮೇಲೆ ಬಂದಿದ್ದೆ, ಅವನಿಗೆ ಆಗ 6 ವರ್ಷ ನಂಗೆ 9, ಈಗ್ಲೂ ನಾವಿಬ್ರೂ ಸೇರಿದ್ರೆ ಆ ಮಾತು ಬಂದೇ ಬರತ್ತೆ.

ಮಲೆನಾಡಿನವ್ರು ಉಣುಗಿನ (ಉಣ್ಣೆ ಹುಳದ) ಬಗ್ಗೆ ಮಾತ್ರ ಹಗುರವಾಗಿ ತಗೋಬೇಡಿ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರಲ್ಲಿ. ಉಣುಗು ಕಚ್ಚಿ ಬರೋದು ಇದು, ಹೆಚ್ಚಾಗಿ ಕಾಣಿಸ್ಕೊಳ್ಳೋದು ಡಿಸೆಂಬರಿಂದ ಮೇವರೆಗೆ, ಅಂದ್ರೆ ರಜೆ ಇರೋ ಹೊತ್ತಲ್ಲೇ. ಊರ ಸುತ್ತ ಮಂಗ ಸತ್ತಿದೆ ಅನ್ನೋ ಸುದ್ದಿ ಬಂದ್ರೆ ಆ ವರ್ಷ ಕಾಡು, ಸೊಪ್ಪಿನ ಬೆಟ್ಟ ಬೇಡವೇ ಬೇಡ, ಆಟ ಅಂಗಳ ಗದ್ದೆ ಬಯಲಲ್ಲೇ ಆಗ್ಲಿ, ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬಾರ್ದು, ಆರೋಗ್ಯ ಇಲಾಖೆಯವ್ರಿಗೆ ಹೇಳಿ. ಉಳಿದಂತೆ ಹೋಗುವಾಗ ಉದ್ದ ಪ್ಯಾಂಟು, ತುಂಬು ತೋಳಿನ ಅಂಗಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವ್ರು ಕೊಡೋ ಡೀಪಾ ಎಣ್ಣೆ ಅವ್ರು ಹೇಳಿದ ಹಾಗೆ ಹಚ್ಚೋದು, ಒಣಗಿದ ಎಲೆ ಮೇಲೆ ಕೂರದೇ ಇರೋದು. ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ. ಕಂಕುಳು, ಕಿವಿ ಹಿಂದೆ, ಮಂಡಿ ಸಂದಿ ಹುಡುಕಿ ನೋಡಿ. ಜ್ವರ ಬಂದ್ರೆ ಕಾಯಬೇಡಿ, ಆಸ್ಪತ್ರೆಲಿ "ಕಾಡಿಗೆ ಹೋಗಿದ್ರು" ಅಂತ ಮರೀದೆ ಹೇಳಿ.

ಹಾಳೆಬಂಡಿ

ಮೊದಲ ದಿನ ಇದರಿಂದ್ಲೇ ಶುರು ಮಾಡಿ, ದುಡ್ಡು ಖರ್ಚಿಲ್ಲ, ಕತ್ತಿ ಕೆಲಸ ಕಮ್ಮಿ, ಮಕ್ಕಳಿಗೆ 2 ನಿಮಿಷಕ್ಕೆ ಹಿಡಿಸತ್ತೆ. ತೋಟದಲ್ಲಿ ಬಿದ್ದಿರೋ ಅಡಿಕೆ ಸೋಗೆ ಒಂದು ಆರಿಸ್ಕೊಳ್ಳಿ, ಅದರ ಬುಡದಲ್ಲಿರೋ ಪಟ್ಟೆನೇ ಹಾಳೆ, ಅದು ಅಗಲ ಇರ್ಬೇಕು, ಸೀಳಿರಬಾರ್ದು. ಪೂರ್ತಿ ಒಣಗಿ ಗರಿಗರಿ ಆಗಿದ್ದು ಒಡೆಯತ್ತೆ, ಬಿದ್ದು ಒಂದೆರಡು ದಿನ ಆಗಿರೋ ಹಸಿಬಿಸಿ ಹಾಳೆ ಒಳ್ಳೇದು. ಎರಡೂ ಕಡೆ ಎಲೆ ಸವರಿ ನಡುವಿನ ದಂಟು ಮಾತ್ರ ಉಳಿಸಿ, ಅದೇ ಎಳೆಯೋ ಹಿಡಿ, ದಂಟಿನ ಅಂಚು ಕೈಗೆ ತಾಗದ ಹಾಗೆ ಒಂದು ಹಳೇ ಬಟ್ಟೆ ಸುತ್ತಿ. ಹಾಳೆ ಹೊರಮೈ ಕೆಳಗೆ ಬರೋ ಹಾಗೆ ಇಟ್ಟು ಚಿಕ್ಕವ್ರನ್ನ ಕೂರ್ಸಿ, ಕಾಲು ದಂಟಿನ ಎರಡೂ ಬದಿಗೆ ಮುಂದಕ್ಕೆ ಚಾಚಿ ದಂಟನ್ನ ಎರಡು ಕೈಲಿ ಹಿಡ್ಕೋಬೇಕು. ದೊಡ್ಡವ್ರು ದಂಟಿನ ತುದಿ ಹಿಡಿದು ಓಡೋದು.

ಎಲ್ಲಿ ಎಳೀಬೇಕು ಅನ್ನೋದು ಮುಖ್ಯ. ಜಲ್ಲಿ ಇಲ್ಲದ ಮಣ್ಣಿನ ಅಂಗಳ, ಕೊಯ್ಲಾದ ಗದ್ದೆಯ ಕೂಳೆ ಇಲ್ಲದ ಮಗ್ಗುಲು ಚೆನ್ನಾಗಿರತ್ತೆ. ತೋಟದೊಳಗೆ ಬೇಡ, ಬುಡಕ್ಕೆ ತಲೆ ಹೊಡೆಯತ್ತೆ. ತಿರುವಲ್ಲಿ ಎಳೆಯೋರು ನಿಧಾನ ಮಾಡದೇ ಇದ್ರೆ ಕೂತವ್ರು ಮಗುಚಿ ಬೀಳ್ತಾರೆ, ಬೀಳ್ಲಿ, ಮಣ್ಣಲ್ಲಿ ಬಿದ್ರೆ ಏನಾಗಲ್ಲ, ಅದೇ ಅವ್ರಿಗೆ ಮಜಾ. ಒಂದು ಹಾಳೆ ಹೆಚ್ಚು ಹೊತ್ತು ಬರಲ್ಲ, ತಳ ಸವೆದು ಚಡ್ಡಿಗೆ ನೆಲ ತಾಗತ್ತೆ, ಮೊದಲೇ ನಾಲ್ಕೈದು ಹಾಳೆ ಜೋಡಿಸಿಟ್ಕೊಳ್ಳಿ, ಹಳೇ ಚಡ್ಡಿ ಹಾಕಿ. ಎರಡನೇ ದಿನ ಹುಲ್ಲು ಒಣಗಿರೋ ಇಳಿಜಾರು ದಿಬ್ಬಕ್ಕೆ ಕರ್ಕೊಂಡು ಹೋಗಿ, ಒಣಹುಲ್ಲಿನ ಮೇಲೆ ಹಾಳೆ ಎಷ್ಟು ಜಾರತ್ತೆ ಅಂದ್ರೆ ಎಳೆಯೋದೇ ಬೇಡ, ಇಬ್ರೂ ಹಿಂದೆ ಮುಂದೆ ಕೂತು ಬಿಟ್ರೆ ಆಯ್ತು. ಕೆಳಗೆ ಕಲ್ಲು, ಬೇಲಿ, ಹೊಂಡ ಏನೂ ಇಲ್ಲ ಅಂತ ನೀವು ಒಂದ್ಸಲ ನಡೆದು ನೋಡಿ ಆಮೇಲೆ ಬಿಡಿ.

ಮಾವು, ಮತ್ತೆ ಸ್ವಲ್ಪ ಕಳ್ಳತನ

ಕದ್ದು ತಿಂದಿದ್ದ ಮಾವಿನಕಾಯಿ ರುಚಿ ಮಕ್ಕಳಿಗೆ ಗೊತ್ತಿರ್ಬೇಕು ಅನ್ನೋದು ನನ್ನ ಅಭಿಪ್ರಾಯ, ಆದ್ರೆ ಯಾರ ಮರ ಅನ್ನೋದನ್ನ ನೀವೇ ಮೊದಲು ತೀರ್ಮಾನ ಮಾಡಿ ಆ ಮನೆಯವ್ರಿಗೆ ಗುಟ್ಟಾಗಿ ಹೇಳಿಟ್ಟಿರಿ. ಪಕ್ಕದ ಮನೆ ಚಿಕ್ಕಮ್ಮ "ಯಾರೋ ಅದು ಮರದ ಮೇಲೆ" ಅಂತ ಒಂದು ಕೂಗು ಹಾಕಿದ್ರೆ ಸಾಕು, ಅದನ್ನ ಮಕ್ಕಳು ಹತ್ತು ವರ್ಷ ನೆನಪಿಟ್ಕೋತಾರೆ. ಅಪ್ಪೆಮಿಡಿ ಮರ ಮಾತ್ರ ಮುಟ್ಟಬಾರ್ದು ಅಂತ ಕಟ್ಟುನಿಟ್ಟಾಗಿ ಹೇಳಿ, ಆ ಮಿಡಿ ಮೇಲೆ ಒಂದು ಮನೆಯ ವರ್ಷದ ಉಪ್ಪಿನಕಾಯಿ, ಎಷ್ಟೋ ಕಡೆ ವರ್ಷದ ಆದಾಯಾನೂ ನಿಂತಿರತ್ತೆ. ಹಕ್ಕಿ ಗೂಡಿಗೂ, ಜೇನಿಗೂ ಕೈ ಹಾಕ್ಬಾರ್ದು.

ಸೊನೆ ಬಗ್ಗೆ ಹೇಳಲೇಬೇಕು. ತಮ್ಮನಿಗೆ ಆಗ ಅವಸರ ಜಾಸ್ತಿ, ಕಿತ್ತ ಕಾಯಿನ ತೊಟ್ಟು ಹಲ್ಲಲ್ಲೇ ಕಚ್ಚಿ ಉಗೀತಿದ್ದ. ಒಂದಿನ ಸಂಜೆ ದೀಪ ಹಚ್ಚೋ ಹೊತ್ತಿಗೆ ಅವನ ಬಾಯಿ ಎರಡೂ ಕೊನೆ ಕಪ್ಪಗಾಗಿ, ಕೆಳತುಟಿ ಊದಿ, ಬೆಳಿಗ್ಗೆ ಎದ್ದಾಗ ಸಣ್ಣ ಸಣ್ಣ ಬೊಕ್ಕೆ, ಗಂಜಿ ಉಪ್ಪಿಲ್ದೇ ಕುಡೀಬೇಕಾಯ್ತು, ಯಾರ ಮರದಲ್ಲಿ ಕಿತ್ತಿದ್ದು ಅಂತ ಅಪ್ಪ ಕೇಳಿದ್ರೆ ಊದಿದ ತುಟಿಲೇ "ನೆಲದಲ್ಲಿ ಬಿದ್ದಿತ್ತು" ಅಂದ, ನನ್ನ ಹೆಸರು ಮಾತ್ರ ಹೇಳ್ಲಿಲ್ಲ. ಹಾಗಾಗದ ಹಾಗೆ ಕಾಯಿ ಕೀಳುವಾಗ ಒಂದು ಗೇಣು ತೊಟ್ಟು ಬಿಟ್ಟು ಕೀಳೋದು, ಆಮೇಲೆ ತೊಟ್ಟು ಮುರಿದು ಕಾಯಿ ಬೋರಲು ಹಿಡಿದು ಸೊನೆ ಪೂರ್ತಿ ನೆಲಕ್ಕೆ ಇಳಿಸೋದು, ತೊಳೆದು ತಿನ್ನೋದು. ಮೈಗೆ ತಾಗಿದ್ರೆ ತಕ್ಷಣ ಸೋಪು ಹಾಕಿ ತೊಳೀರಿ.

ಕಾಯಿ ಕೆಡವೋಕೆ ಬಿದಿರು ಗಳದ ತುದಿಗೆ ಒಂದು ಕೊಕ್ಕೆ ಸಾಕು. ಅಡಿಕೆ ಕೊಯ್ಯೋ ಅಲ್ಯೂಮಿನಿಯಂ ದೋಟಿ, ಕಾರ್ಬನ್ ಫೈಬರ್ ದೋಟಿ ಮಕ್ಕಳ ಕೈಗೆ ಸಿಗೋ ಹಾಗೆ ಇಡ್ಲೇಬೇಡಿ, ಎರಡರಲ್ಲೂ ಕರೆಂಟ್ ಹರಿಯತ್ತೆ, ಮೇಲಿನ ಲೈನಿಗೆ ತಾಗಿದ್ರೆ ಮುಗೀತು. ಹಸಿ ಬಿದಿರೂ ಅಷ್ಟೇ. ತಂತಿ ಹತ್ರ ಇರೋ ಮರ ಆಟದ ಪಟ್ಟಿಯಿಂದ್ಲೇ ತೆಗೀರಿ.

ಮಾವು ಅಲ್ದೇ ಏಪ್ರಿಲ್-ಮೇಲಿ ಕೌಳಿಹಣ್ಣು, ಮುರುಗಲು, ಮೇ ಕೊನೆಗೆ ನೇರಳೆ. ಗುರುತು ಗೊತ್ತಿಲ್ಲದ ಹಣ್ಣು ಮನೆಗೆ ತಂದು ತೋರ್ಸಿದ್ಮೇಲೇ ಬಾಯಿಗೆ.

ಗೇರುಬೀಜ ಸುಡೋದು

ಇದಕ್ಕೆ ದೊಡ್ಡವ್ರು ಪಕ್ಕದಲ್ಲೇ ಇರ್ಬೇಕು, ಎದ್ದು ಹೋಗೋ ಹಾಗಿಲ್ಲ. ಗೇರು, ಮಾವು ಎರಡೂ ಒಂದೇ ಕುಟುಂಬದ ಮರ, ಎರಡರ ಸೊನೆನೂ ಸುಡತ್ತೆ, ಆದ್ರೆ ಗೇರುಸಿಪ್ಪೆಲಿರೋ ಎಣ್ಣೆ ಇನ್ನೂ ಜೋರು, ದೋಣಿಗೆ ಮರಕ್ಕೆ ಹುಳ ಹಿಡೀಬಾರ್ದು ಅಂತ ಹಚ್ತಾರಲ್ಲ ಅದೇ ಗೇರೆಣ್ಣೆ. ಹಸಿ ಬೀಜ ಹಲ್ಲಲ್ಲಿ ಕಚ್ಚೋದು, ಉಗುರಲ್ಲಿ ಬಿಡಿಸೋದು ಪೂರ್ತಿ ಬಂದ್. ಗೋಡಂಬಿ ತಿಂದ್ರೆ ಮೈ ತುರಿಸೋ ಮಕ್ಕಳನ್ನ ಇದರ ಹೊಗೆಗೂ ಬಿಡಬೇಡಿ.

ಮರದಡಿ ತಾನಾಗೇ ಬಿದ್ದ ಹಣ್ಣಿಂದ ಬೀಜ ತಿರುವಿ ತೆಗೆದು 2-3 ದಿನ ಬಿಸಿಲಲ್ಲಿ ಒಣಗಿಸಿ. ಹುಲ್ಲಿನ ಬಣವೆ, ಸೌದೆಮನೆ ಎಲ್ಲಕ್ಕಿಂತ ದೂರ, ಅಂಗಳದ ತುದಿಲಿ ಮೂರು ಕಲ್ಲು ಹೂಡಿ. ಬಿಸಾಡೋ ಹಳೇ ಬಾಣಲೆಗೆ ಮೊಳೆಲಿ ಏಳೆಂಟು ತೂತು ಹೊಡೆದು ಬೀಜ ಹಾಕಿ, ಒಂದು ಸಲಕ್ಕೆ ಒಂದು ಬೊಗಸೆ ಸಾಕು. ಗಾಳಿ ಯಾವ ಕಡೆಯಿಂದ ಬರತ್ತೆ ನೋಡಿ ಅದಕ್ಕೆ ಬೆನ್ನು ಮಾಡಿ ನಿಂತ್ಕೊಳ್ಳಿ, ಹೊಗೆ ಯಾರ ಮುಖಕ್ಕೂ ಬರ್ಬಾರ್ದು, ಮಕ್ಕಳು ನಾಲ್ಕು ಮಾರು ಆಚೆ. ಉದ್ದ ಕೋಲಲ್ಲಿ ಮಗುಚ್ತಾ ಇರಿ. ಸ್ವಲ್ಪ ಹೊತ್ತಿಗೆ ಚಟಚಟ ಅಂತ ಎಣ್ಣೆ ಸಿಡಿಯೋಕೆ ಶುರು, ಆಮೇಲೆ ಒಂದೇ ಸಲ ಬುಸ್ ಅಂತ ಬೀಜವೇ ಹೊತ್ಕೊಂಡು ಕಪ್ಪು ಹೊಗೆ ಏಳತ್ತೆ, ಹೊಸಬ್ರು ಇಲ್ಲೇ ಹೆದರೋದು. ಸಿಪ್ಪೆ ಕಪ್ಪಾಗಿ ಉಬ್ಬಿದ ಕೂಡ್ಲೇ ಕೋಲಲ್ಲಿ ಬಾಣಲೆ ಮಗುಚಿ ಬೀಜ ನೆಲಕ್ಕೆ ಹಾಕಿ ಮೇಲೆ ಬೂದಿ ಇಲ್ಲಾ ಒಣಮಣ್ಣು ಮುಚ್ಚಿ, ಬೆಂಕಿನೂ ಆರತ್ತೆ, ಎಣ್ಣೆನೂ ಹೀರ್ಕೊಳ್ಳತ್ತೆ. ನೀರು ಹಾಕ್ಬೇಡಿ, ಉರಿಯೋ ಎಣ್ಣೆಗೆ ನೀರು ಬಿದ್ರೆ ಸಿಡಿಯತ್ತೆ.

ಪೂರ್ತಿ ಆರಿದ್ಮೇಲೆ ಮಕ್ಕಳ ಕೆಲಸ. ಕೈಗೆ ಕೊಬ್ಬರಿ ಎಣ್ಣೆ ಸವರಿ ಬೂದಿ ಮುಟ್ಟಿಸಿ. ಅಕ್ಕ ಬೀಜವನ್ನ ಚಪ್ಪಟೆ ಕಲ್ಲಿನ ಮೇಲೆ ಅಂಚು ಮೇಲಾಗಿ ನಿಲ್ಲಿಸಿ ಸಣ್ಣ ಕಲ್ಲಲ್ಲಿ ಮೆಲ್ಲಗೆ ಒಂದೇ ಏಟು ಕೊಡೋದು, ತಮ್ಮ ಸಿಪ್ಪೆ ಬಿಡಿಸಿ ಒಳಗಿನ ತಿರುಳು ಬೇರೆ ತಟ್ಟೆಗೆ ಹಾಕೋದು. ಜೋರಾಗಿ ಹೊಡೆದ್ರೆ ಪುಡಿ, ಮೆಲ್ಲಗಾದ್ರೆ ಒಡೆಯಲ್ಲ, ಹತ್ತು ಬೀಜ ಹಾಳಾದ್ಮೇಲೆ ಕೈಗೆ ಹದ ಸಿಗತ್ತೆ. ಇಡೀ ತಿರುಳು ಬಂದ್ರೆ ಅದು ಬಿಡಿಸಿದವ್ರಿಗೆ, ಒಡೆದಿದ್ದು ಬೆಲ್ಲದ ಜೊತೆ ಎಲ್ಲರಿಗೂ, ಇದು ನಮ್ಮನೆ ಕಾನೂನು.

ಹಳ್ಳ, ತೆಪ್ಪ

ನೀರಿಗೆ ಇಳಿಯೋ ಎಲ್ಲಾ ಆಟಕ್ಕೂ ಈಜು ಬರೋ ದೊಡ್ಡವ್ರು ಒಬ್ರು ದಡದಲ್ಲಿ ಕೂತಿರ್ಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ತುಂಗೆಗೆ ನಾನು ಮಕ್ಕಳನ್ನ ಇಳಿಸೋದೇ ಇಲ್ಲ, ಬೇಸಿಗೇಲಿ ಮೊಣಕಾಲುದ್ದ ಕಾಣೋ ನೀರಿನ ಪಕ್ಕದಲ್ಲೇ ಆಳದ ಗುಂಡಿ ಇರತ್ತೆ, ಮರಳು ತೆಗೆದ ಜಾಗ ಆದ್ರಂತೂ ಇನ್ನೂ ಅಪಾಯ. ಮನೆ ಹತ್ರದ ಹಳ್ಳದಲ್ಲಿ, ಚಿಕ್ಕವ್ರ ಸೊಂಟ ದಾಟದ ನೀರಲ್ಲಿ ಮಾತ್ರ.

ಟವೆಲ್ಲಲ್ಲಿ ಮೀನು ಹಿಡಿಯೋದು ಗೊತ್ತಲ್ಲ, ಹಳೇ ತೆಳು ಟವೆಲ್, ಅಕ್ಕ ಎರಡು ತುದಿ ತಮ್ಮ ಎರಡು ತುದಿ, ತಳಕ್ಕೆ ತಾಗಿಸಿ ನೀರಿನ ಎದುರಿಗೆ ಹಿಡ್ಕೊಂಡು ಕಾಲಲ್ಲಿ ಕಲ್ಲು ಕೆದಕೋದು, ಒಂದೇ ಸಲ ಇಬ್ರೂ ಎತ್ತಬೇಕು. ಒಬ್ರು ಮೊದಲು ಎತ್ತಿದ್ರೆ ಮೀನು ಪರಾರಿ. ಹಿಡಿದಿದ್ದನ್ನ ಗಾಜಿನ ಬಾಟಲಿಗೆ ಹಾಕಿ ನೋಡಿ ವಾಪಸ್ ಬಿಡ್ಸಿ. ಶೃಂಗೇರಿ, ಚಿಪ್ಪಲಗುಡ್ಡೆ ಅಂಥ ಮತ್ಸ್ಯಧಾಮದಲ್ಲಿ ಹಿಡಿಯೋ ಹಾಗಿಲ್ಲ, ಅಲ್ಲಿ ದಡದಲ್ಲಿ ನಿಂತು ದೊಡ್ಡ ದೊಡ್ಡ ಮೀನು ನೋಡೋದೇ ಒಂದು ಖುಷಿ.

ತೆಪ್ಪಕ್ಕೆ ಗೊನೆ ಕಡಿದ ಬಾಳೆಯ ದಿಂಡು 5 ಬೇಕು, ಗೊನೆ ತೆಗೆದ್ಮೇಲೆ ಆ ಗಿಡ ಹೇಗೂ ಕಡಿಯೋದೇ. ಒಂದೊಂದು 5-6 ಅಡಿಗೆ ತುಂಡು ಮಾಡಿ, ಒಂದರ ಬುಡ ಈ ಕಡೆ ಇನ್ನೊಂದರ ಬುಡ ಆ ಕಡೆ ಬರೋ ಹಾಗೆ ಸಾಲಾಗಿ ಮಲಗಿಸಿ, ಇಲ್ದಿದ್ರೆ ತೆಪ್ಪ ಒಂದೇ ಕಡೆ ದಪ್ಪ ಆಗಿ ವಾಲತ್ತೆ. ಬಿದಿರಿನ ಮೂರು ಗೂಟ ಚೂಪು ಮಾಡಿ ಅಡ್ಡಕ್ಕೆ ಐದೂ ದಿಂಡು ದಾಟೋ ಹಾಗೆ ಹೊಡೀರಿ, ಎರಡು ತುದಿಗೆ ಒಂದೊಂದು, ನಡುವೆ ಒಂದು. ಮೇಲಿಂದ ಹಗ್ಗ ಬಿಗೀರಿ. ಬಾಳೆ ಕಲೆ ಬಟ್ಟೆಗೆ ಹಿಡಿದ್ರೆ ಹೋಗಲ್ಲ, ಹಳೇದು ಹಾಕಿ. ತೆಪ್ಪಕ್ಕೆ ಉದ್ದ ಹಗ್ಗ ಕಟ್ಟಿ ಅದರ ಇನ್ನೊಂದು ತುದಿ ದಡದ ಮರಕ್ಕೆ, ನಡುವೆ ಇನ್ನೊಬ್ರ ಕೈಲಿ. ಪಕ್ಕದಲ್ಲಿ ಮುಚ್ಚಳ ಬಿಗಿದ 5 ಲೀಟರ್ ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿ ಇಟ್ಟಿರಿ, ಯಾರಾದ್ರೂ ಮುಳುಗೋ ಹಾಗೆ ಕಂಡ್ರೆ ಅದನ್ನ ಎಸೆಯೋದು, ಮಕ್ಕಳು ಹಿಂದೆ ಹಾರ್ಬಾರ್ದು, ಅಣ್ಣ ಮುಳುಗ್ತಿದಾನೆ ಅಂತ ತಂಗಿನೂ ಹಾರಿದ್ರೆ ಇಬ್ರೂ ಹೋಗ್ತಾರೆ. ಇದನ್ನ ಒಣ ನೆಲದಲ್ಲೇ ನಾಲ್ಕು ಸಲ ಎಸೆದು ರೂಢಿ ಮಾಡ್ಸಿ. ಸುಮಾರು ನಾಲ್ಕೈದು ದಿನಕ್ಕೆ ದಿಂಡು ನೀರು ಕುಡಿದು ಭಾರ ಆಗತ್ತೆ, ಆಗ ಬಿಚ್ಚಿ ಗೊಬ್ಬರದ ಗುಂಡಿಗೆ ಹಾಕಿ.

ಬಯಲುಸೀಮೆ ಕಡೆಯವ್ರಿಗೆ ಕೈಮುಗಿದು ಒಂದು ಮಾತು. ಕೃಷಿ ಹೊಂಡದಲ್ಲಿ ಈಜೋದು, ತೆಪ್ಪ ಬಿಡೋದು ಯಾವ ಕಾರಣಕ್ಕೂ ಬೇಡ. ಒಳಗೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಒದ್ದೆ ಆದ್ರೆ ಪಾಚಿಗಿಂತ ಜಾರತ್ತೆ, ಈಜು ಬರೋ ದೊಡ್ಡವ್ರಿಗೂ ಹತ್ತಕ್ಕಾಗಲ್ಲ. ಸುತ್ತ ಬೇಲಿ ಹಾಕಿ, ಗಂಟು ಹಾಕಿದ ಹಗ್ಗ ಎರಡು ಕಡೆಯಿಂದ ನೀರಿಗೆ ಇಳಿಬಿಟ್ಟಿರಿ.

ಹಾವು ಕಂಡ್ರೆ

ನಿಂತ ಜಾಗದಿಂದ ಮೆಲ್ಲಗೆ ಹಿಂದಕ್ಕೆ ಬರೋದು, ಕಲ್ಲು ಹೊಡೆಯೋದು ಬೇಡ. ಸೌದೆ ರಾಶಿ, ಹುತ್ತ, ಕಲ್ಲುಗುಪ್ಪೆಗೆ ಕೈ ಹಾಕ್ಬಾರ್ದು, ಬರಿಗಾಲು ಬೇಡ. ಕಚ್ಚಿದ್ರೆ ಬ್ಲೇಡಲ್ಲಿ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಮಾಡ್ಬೇಡಿ. ಮಗೂನ ನಡೆಸದೇ, ಕಚ್ಚಿದ ಕೈಕಾಲು ಅಲುಗದ ಹಾಗೆ ಎತ್ಕೊಂಡು ಹೋಗಿ, 108ಕ್ಕೆ ಫೋನ್ ಮಾಡಿ, ಔಷಧಿ ಇರೋ ಆಸ್ಪತ್ರೆ ಹತ್ರದಲ್ಲಿ ಯಾವುದು ಅಂತ ರಜೆ ಶುರುವಾಗೋ ಮುಂಚೆನೇ ವಿಚಾರಿಸಿಟ್ಕೊಂಡಿರಿ.

ಪೆಟ್ಲಂಡೆ

ಮಳೆ ಬಂದು ಹೊರಗೆ ಹೋಗಕ್ಕಾಗದ ದಿನಕ್ಕೆ ಇದು, ಸಣ್ಣ ಜುಮ್ಮನಕಾಯಿ ತುಂಬಿ ಹೊಡೆಯೋ ಕೊಳವೆ ಬಂದೂಕು. ಒಳಗೆ ಟೊಳ್ಳಾಗಿರೋ ವಾಟೆ (ಸಣ್ಣ ಬಿದಿರು) ಕೋಲು, ಎರಡೂ ಕಡೆ ಗಂಟು ತೆಗೆದು ಒಂದು ಅಡಿ. ತೂತು ಕಿರುಬೆರಳಿಗಿಂತ ಸಣ್ಣ ಇರ್ಲಿ. ಅಡಿಕೆ ದಬ್ಬೆ ಕೆತ್ತಿ ತೂತಿಗೆ ಸಲೀಸಾಗಿ ಹೋಗೋ ಹಾಗೆ ದುಂಡಗೆ ಮಾಡಿ ಹಿಂದೆ ಹಿಡಿ ಇಡಿ. ದಬ್ಬೆ ಕೊಳವೆಗಿಂತ ಒಂದು ಕಾಯಿಯಷ್ಟು ಗಿಡ್ಡ ಇರ್ಬೇಕು, ಎಲ್ಲಾ ಗುಟ್ಟೂ ಇಲ್ಲೇ ಇರೋದು. ಮೊದಲನೇ ಕಾಯಿ ತುದಿವರೆಗೆ ನೂಕಿದಾಗ ಅದು ಹೊರಗೆ ಬೀಳದೇ ಬಾಯಲ್ಲೇ ಕಚ್ಕೊಂಡು ನಿಲ್ಲತ್ತೆ, ಎರಡನೇದು ಹಾಕಿ ಜೋರಾಗಿ ನೂಕಿದ್ರೆ ನಡುವಿನ ಗಾಳಿ ಒತ್ತಿ ಮುಂದಿನ ಕಾಯಿ ಟಪ್ ಅಂತ ಹಾರತ್ತೆ. ಬೇಸಿಗೇಲಿ ಕಾಯಿ ಸಿಗಲ್ಲ, ಪೇಪರ್ ನೆನೆಸಿ ಉಂಡೆ ಮಾಡಿ ಹಾಕಿ. ಮುಖಕ್ಕೆ ಹೊಡೆಯೋ ಹಾಗಿಲ್ಲ, ಗೋಡೆಗೆ ಇದ್ದಿಲಲ್ಲಿ ಸುತ್ತು ಬರೆದು ಗುರಿ ಇಡ್ಲಿ, ಒಬ್ರು ಉಂಡೆ ಕಟ್ಟೋದು ಒಬ್ರು ಹೊಡೆಯೋದು, ಹತ್ತು ಆದ್ಮೇಲೆ ಅದಲು ಬದಲು.

ಮಕ್ಕಳು ಬೆಂಗಳೂರಿಗೆ ಹೊರಡೋ ದಿನ ಎರಡೂ ಪೆಟ್ಲಂಡೆ ಒಲೆ ಮೇಲಿನ ಅಟ್ಟದಲ್ಲಿ ಸಿಕ್ಕಿಸಿಡಿ, ಹೊಗೆ ಕುಡಿದ್ರೆ ಹುಳ ಹಿಡಿಯಲ್ಲ. ಚೌತಿಗೆ ಬಂದಾಗ ಜುಮ್ಮನಕಾಯಿ ಆಗಿರತ್ತೆ. ಹೋದ ವರ್ಷ ತಮ್ಮ ಕಾರಿಂದ ಇಳಿದವ್ನು ಬ್ಯಾಗ್ ಕೂಡ ಒಳಗಿಡದೇ ಸೀದಾ ಅಡುಗೆಮನೆಗೆ ಹೋಗಿ ಅಟ್ಟಕ್ಕೆ ಕೈ ಹಾಕಿ "ಅಕ್ಕಾ, ನನ್ದು ಯಾವ್ದೇ?" ಅಂತ ಕೇಳಿದ.